ಕೋವಿಡ್ ಕಾಲದಲ್ಲಿ ಯುವಜನರಿಗೆ ತಮ್ಮ ರೂಪದ ಬಗ್ಗೆ ಬೇಸರ ಜಾಸ್ತಿಯಾಗಿದ್ದು ಯಾಕೆ?

ವಿಡಿಯೋ ಕಾಲ್ ದೊಡ್ಡ ಕಾರಣ ಅಂತ ನನಗನಿಸುತ್ತದೆ. 2020ರ ಮಾರ್ಚ್ ನಂತರ ಕಾಲೇಜು, ಕೆಲಸ, ಗೆಳೆಯರ ಹರಟೆ ಎಲ್ಲವೂ ಪರದೆಗೆ ಬಂತು. ಎದುರು ಕೂತು ಮಾತಾಡುವಾಗ ನಮ್ಮ ಮುಖ ನಮಗೆ ಕಾಣುವುದಿಲ್ಲ, ಅಲ್ವಾ? ಇಲ್ಲಿ ಗಂಟೆಗಟ್ಟಲೆ ಅದೇ ಕಣ್ಣೆದುರು. ನಗುವಾಗಿನ ಗೆರೆ, ಮೊಡವೆಯ ಕಲೆ ಎಲ್ಲವೂ ಎದ್ದು ಕಾಣತೊಡಗಿದವು.

ಆದರೆ ಆ ಚಿತ್ರ ಪೂರ್ತಿ ನಿಜವಲ್ಲ! ಕ್ಯಾಮೆರಾ ತೀರಾ ಹತ್ತಿರವಿದ್ದರೆ ಮುಂದಿರುವ ಮೂಗು ದೊಡ್ಡದಾಗಿ, ಹಿಂದಿರುವ ಕಿವಿ ಚಿಕ್ಕದಾಗಿ ಕಾಣುತ್ತವೆ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದಂತೆ, ಸುಮಾರು 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಮೂಗು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಈ ವ್ಯತ್ಯಾಸ ಇರುವುದಿಲ್ಲ. ಇಂಥ ಮುಖ ನೋಡಿಯೇ ಎಷ್ಟೋ ಜನ ಚರ್ಮದ ವೈದ್ಯರ ಬಳಿ ಹೋದರು. ಝೂಮ್‌ನಂಥ ವಿಡಿಯೋ ಕಾಲ್ ಆ್ಯಪ್‌ನಲ್ಲಿ ತಮ್ಮ ಮುಖ ನೋಡಿ ನೋಡಿ, ಅದರಲ್ಲಿ ದೋಷ ಕಂಡು ಕೊರಗುವ ಇದನ್ನು ವೈದ್ಯರು ‘ಝೂಮ್ ಡಿಸ್‌ಮಾರ್ಫಿಯಾ’ ಅಂತ ಕರೆದರು.

ಜಿಮ್, ಆಟದ ಮೈದಾನ ಮುಚ್ಚಿದ್ದವು, ಕೆಲವರ ತೂಕವೂ ಏರಿತ್ತು. ಜೊತೆಗೆ ಫಿಲ್ಟರ್ ಹಾಕಿದ ಫೋಟೋಗಳ ಜೊತೆ ಹೋಲಿಕೆ ಬೇರೆ.

ಕಾಲ್‌ನಲ್ಲಿ ನಿಮ್ಮ ಚಿತ್ರ ನಿಮಗೆ ಕಾಣದಂತೆ ಸೆಟ್ಟಿಂಗ್ ಬದಲಿಸಿ, ಕ್ಯಾಮೆರಾ ದೂರ ಇಡಿ. ರೂಪದ ಚಿಂತೆಯಿಂದ ಊಟ, ನಿದ್ದೆ, ಹೊರಗೆ ಹೋಗುವುದು ತಪ್ಪುತ್ತಿದ್ದರೆ ಸುಮ್ನೆ ಸಹಿಸಿಕೊಂಡು ಕೂರಬೇಡಿ, ಮನೋವೈದ್ಯರನ್ನು ಕಾಣಿ.