ಆರೋಗ್ಯ ಪ್ರಶ್ನೋತ್ತರ: ಸಿಗರೇಟು ಬಿಡುವಾಗ ಯಾರ ನೆರವು, ಎಂಥ ನೆರವು?

ಪ್ರಶ್ನೆ: ನನಗೆ 52 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹರೆಯದಲ್ಲಿ ಬೀಡಿಯಿಂದ ಆರಂಭವಾದ ಚಟ ಈಗ ದಿನಕ್ಕೆ ಹದಿನೈದು ಸಿಗರೇಟಿಗೆ ಬಂದು ನಿಂತಿದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಒಂದು ಬೇಕು. ಹಿಂದೆ ಹಲವು ಬಾರಿ ಯಾರಿಗೂ ಹೇಳದೆ ಬಿಟ್ಟು ನೋಡಿದ್ದೇನೆ; ವಾರ ಕಳೆಯುವುದರೊಳಗೆ ಗೆಳೆಯರು ಚಹಾ ಕುಡಿಯುತ್ತ ಪ್ಯಾಕ್ ಮುಂದೆ ಹಿಡಿದಾಗ ಬೇಡವೆನ್ನಲು ಆಗಿಲ್ಲ. ಎಲ್ಲರಿಗೂ ಹೇಳಿ ಬಿಡಲು ಹೊರಟು ಸೋತರೆ ನಾಲ್ಕು ಜನರೆದುರು ನಗೆಪಾಟಲಾಗಬೇಕಲ್ಲ ಎಂಬ ಅಳುಕು. ಈ ವಯಸ್ಸಿನಲ್ಲಿ ಬಿಟ್ಟರೆ ಪ್ರಯೋಜನವಿದೆಯೇ? ಇದ್ದರೆ, ಮನೆಯವರಿಗೂ ಅಂಗಡಿಯವರಿಗೂ ಹೇಳಿಯೇ ಬಿಡಬೇಕೇ?
– ಓದುಗರು, ಬ್ಯಾಡಗಿ

ಉತ್ತರ: ಪ್ರಯೋಜನ ಖಂಡಿತವಾಗಿಯೂ ಇದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಅವರ ಸಂಗಡಿಗರು 1951ರಲ್ಲಿ ಅಲ್ಲಿನ ವೈದ್ಯರನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ಯಾರು ಸೇದುತ್ತಾರೆ, ಯಾರು ಬಿಟ್ಟರು, ಯಾರು ಯಾವಾಗ ತೀರಿಕೊಂಡರು ಎಂಬುದನ್ನು ಐವತ್ತು ವರ್ಷ ದಾಖಲಿಸುತ್ತ ಬಂದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಕೊನೆಯವರೆಗೂ ಸೇದಿದವರು ಎಂದೂ ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು; 60ರ ವಯಸ್ಸಿನಲ್ಲಿ ಬಿಟ್ಟವರಿಗೆ ಆ ಹತ್ತರಲ್ಲಿ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ ಸುಮಾರು 6 ವರ್ಷ ಉಳಿದಿತ್ತು. ಹೃದಯಕ್ಕೆ ಸಿಗುವ ಲಾಭ ಇನ್ನೂ ಬೇಗ: ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶ ಈಗಾಗಲೇ ಕಳೆದುಕೊಂಡ ಶಕ್ತಿ ಪೂರ್ತಿ ಮರಳುವುದಿಲ್ಲವಾದರೂ ಮುಂದಿನ ಕುಸಿತ ನಿಧಾನವಾಗುತ್ತದೆ. ನೀವು ಮೆಣಸಿನಕಾಯಿ ಘಾಟಿನ ನಡುವೆ ಇರುವವರಾದ್ದರಿಂದ ಬೆಳಗಿನ ಕೆಮ್ಮನ್ನು ಘಾಟಿನ ಲೆಕ್ಕಕ್ಕೇ ಬರೆದುಬಿಡುವ ಸಂಭವವಿದೆ. ಹಾಗೆ ಮಾಡದೆ ಒಮ್ಮೆ ಸ್ಪೈರೋಮೆಟ್ರಿ, ಅಂದರೆ ಕೊಳವೆಯೊಳಗೆ ಜೋರಾಗಿ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ, ಮಾಡಿಸಿಕೊಳ್ಳಿ.

ಇನ್ನು ಹೇಳಬೇಕೇ ಎಂಬ ಮಾತು. ಹೇಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನೀವು ಹಿಂದೆ ಬಿಟ್ಟಾಗ ಏನಾಗಿತ್ತೆಂದು ನೋಡಿ. ಪ್ಯಾಕ್ ಮುಂದೆ ಹಿಡಿದ ಗೆಳೆಯರ ತಪ್ಪೇನೂ ಇರಲಿಲ್ಲ, ನೀವು ಬಿಟ್ಟಿದ್ದೀರೆಂಬುದೇ ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ತಿಳಿಸದೆ ಬಿಡುವವರು ಬಿಡುವ ಕಷ್ಟದ ಜೊತೆಗೆ ಅದನ್ನು ಮುಚ್ಚಿಡುವ ಕಷ್ಟವನ್ನೂ ಹೊರಬೇಕಾಗುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ, ಎದ್ದ ಕೂಡಲೇ ಸಿಗರೇಟು ಬೇಕೆನ್ನುವವರ ದೇಹ ರಾತ್ರಿಯಿಡೀ ಅದಕ್ಕಾಗಿ ಕಾದಿರುತ್ತದೆ. ಇದು ಅವಲಂಬನೆ ಆಳವಾಗಿರುವುದರ ಲಕ್ಷಣವೇ ಹೊರತು ಮನಸ್ಸಿನ ದೌರ್ಬಲ್ಯವಲ್ಲ. ಇಷ್ಟು ಆಳಕ್ಕಿಳಿದ ಅವಲಂಬನೆಯನ್ನು ಬರಿಯ ಛಲದಿಂದ ಗೆಲ್ಲುವವರು ಕಡಿಮೆ. ಔಷಧವೂ ಬೇಕು, ಮನುಷ್ಯರೂ ಬೇಕು.

ಆದರೆ ಎಲ್ಲರಿಗೂ ಒಂದೇ ಮಾತು ಹೇಳಿ ಪ್ರಯೋಜನವಿಲ್ಲ. 'ನಾನು ಬಿಡುತ್ತಿದ್ದೇನೆ, ಸಹಕರಿಸಿ' ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಬ್ಬೊಬ್ಬರಿಗೂ ಮಾಡಬಹುದಾದ ಒಂದು ಕೆಲಸವನ್ನು ಕೊಡಿ. ಅಂಗಡಿಯ ಗೆಳೆಯರಿಗೆ, ಒಂದು ತಿಂಗಳು ನಾನು ಕೇಳಿದರೂ ಕೊಡಬೇಡಿ, ಚಹಾಕ್ಕೆ ಕರೆಯಿರಿ, ಸೇದುವುದಿದ್ದರೆ ಸ್ವಲ್ಪ ಆಚೆ ಹೋಗಿ ಸೇದಿ ಎನ್ನಿ. ಪಾನ್ ಅಂಗಡಿಯವನು ನಿಮ್ಮ ಮುಖ ಕಂಡೊಡನೆ ನಿಮ್ಮ ಬ್ರ್ಯಾಂಡ್ ತೆಗೆದಿಡುವವನಾದರೆ ಅವನಿಗೂ ತಿಳಿಸಿ, ಹಳೆಯ ಬಾಕಿ ಚುಕ್ತಾ ಮಾಡಿ ಉದ್ರಿ ನಿಲ್ಲಿಸಿ. ಮನೆಯವರಿಗೆ, ಮೊದಲ ಎರಡು ವಾರ ನನ್ನ ಮಾತು ಬಿರುಸಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮೊದಲೇ ಹೇಳಿಡಿ. ಇವರೆಲ್ಲರಿಗಿಂತ ಮುಖ್ಯವಾಗಿ, ಯಾವ ಹೊತ್ತಿಗೆ ಫೋನ್ ಮಾಡಿದರೂ ಎತ್ತುವ, ಉಪದೇಶ ಮಾಡದ ಒಬ್ಬರನ್ನು ಆರಿಸಿಕೊಳ್ಳಿ. ಸ್ವತಃ ಸೇದಿ ಬಿಟ್ಟವರಾದರೆ ಇನ್ನೂ ಒಳ್ಳೆಯದು. ಸೇದಬೇಕೆಂಬ ತೀವ್ರ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಮಳೆ, ಬೆಳೆ, ಇಂದಿನ ಕ್ವಿಂಟಲ್ ದರ ಮಾತಾಡುವಷ್ಟರಲ್ಲಿ ಅದು ದಾಟಿಹೋಗುತ್ತದೆ. ಆ ಫೋನಿನಲ್ಲಿ ಸಿಗರೇಟಿನ ಸುದ್ದಿಯೇ ಬರಬೇಕೆಂದಿಲ್ಲ.

ನಿಮ್ಮಲ್ಲಿ ವ್ಯಾಪಾರದ ಭರಾಟೆ ಇರುವ ದಿನಗಳಲ್ಲಿ ಬಿಡಲು ಆರಂಭಿಸಬೇಡಿ. ಆವಕ ಕಡಿಮೆಯಿರುವ ಸಮಯದ ಒಂದು ದಿನವನ್ನು ಗೊತ್ತು ಮಾಡಿ, ಅದನ್ನೇ ಎಲ್ಲರಿಗೂ ತಿಳಿಸಿ. ಬಿಟ್ಟ ಮೊದಲ ಎರಡು ಮೂರು ದಿನ ಅತ್ಯಂತ ಕಠಿಣವಾಗಿರುತ್ತವೆ. ಅದಕ್ಕಾಗಿ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ. 2 ಮಿಲಿಗ್ರಾಂನದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ಎದ್ದ ಅರ್ಧ ಗಂಟೆಯೊಳಗೆ ಸೇದುವ ನಿಮ್ಮಂಥವರಿಗೆ 4 ಮಿಲಿಗ್ರಾಂ ಬೇಕಾಗುವುದರಿಂದ ಚೀಟಿ ಬರೆಸಿಕೊಳ್ಳಬೇಕು. ಗಮ್‌ನಿಂದ ಏನೂ ಉಪಯೋಗವಾಗಲಿಲ್ಲ ಎನ್ನುವ ಹೆಚ್ಚಿನವರು ಅದನ್ನು ಮಾಮೂಲಿ ಬಬಲ್ ಗಮ್‌ನಂತೆ ಒಂದೇ ಸಮನೆ ಅಗಿದು ರಸ ನುಂಗಿರುತ್ತಾರೆ. ಹಾಗೆ ನುಂಗಿದ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ತರುತ್ತದೆ. ನಿಧಾನವಾಗಿ ಕೆಲವು ಸಲ ಅಗಿಯಿರಿ, ನಾಲಿಗೆಗೆ ಚುರುಚುರು ಎನ್ನಿಸಿದೊಡನೆ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಟ್ಟುಕೊಳ್ಳಿ. ಚುರುಚುರು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಬದಿಗೆ ಇಡಿ. ಒಂದು ಗಮ್ ಹೀಗೆ ಅರ್ಧ ಗಂಟೆ ಬರುತ್ತದೆ. ಅದಕ್ಕೆ ಹದಿನೈದು ನಿಮಿಷ ಮೊದಲಿನಿಂದ ಚಹಾ, ಕಾಫಿ, ಹಣ್ಣಿನ ರಸ ಕುಡಿಯಬಾರದು, ಕುಡಿದರೆ ನಿಕೋಟಿನ್ ಬಾಯಲ್ಲಿ ಹೀರಿಕೆಯಾಗುವುದಿಲ್ಲ. ಗಮ್ ಜೊತೆಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಳಸಿದರೆ ಎರಡರಲ್ಲಿ ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಫಲವಿದೆ. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ಅವನ್ನು ವೈದ್ಯರು ನೋಡಿಯೇ ಕೊಡಬೇಕು. ಸಿಗರೇಟಿನ ಬದಲು ಗುಟ್ಕಾ, ಕಡ್ಡಿಪುಡಿಗೆ ಹೊರಳಿದರೆ ಬಿಟ್ಟಂತಾಗುವುದಿಲ್ಲ, ಬಾಯಿಯ ಕ್ಯಾನ್ಸರಿನ ಅಪಾಯ ಜೊತೆಗೂಡುತ್ತದೆ. ಇ-ಸಿಗರೇಟಿನ ಮಾರಾಟವನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ.

ಪರಿಚಿತರೆದುರು ನಗೆಪಾಟಲಾಗುವ ಭಯ ಇನ್ನೂ ಉಳಿದರೆ, ಅಪರಿಚಿತರಿಂದಲೇ ಆರಂಭಿಸಿ. ಸಿಗರೇಟಿನ ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಎಂಬ ಉಚಿತ ಸಂಖ್ಯೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯದು. ದಕ್ಷಿಣದ ಭಾಷೆಗಳ ಕರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದ್ದು, ಅಲ್ಲಿನ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತಾಡುತ್ತಾರೆ, ನೀವು ಒಪ್ಪಿದರೆ ಬಿಟ್ಟ ನಂತರದ ದಿನಗಳಲ್ಲಿ ತಾವಾಗಿಯೇ ಫೋನ್ ಮಾಡಿ ವಿಚಾರಿಸುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿವೆ. ಹಾವೇರಿಗೆ ಹೋದಾಗ ವಿಚಾರಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ. ಇಪ್ಪತ್ತೈದು ವರ್ಷ ಸೇದಿದವರು ಸಿಗರೇಟು ಬಿಟ್ಟು ಮೂರು ವಾರವಾಯಿತು. ಅಂದಿನಿಂದ ಸಣ್ಣ ಮಾತಿಗೂ ಸಿಡುಕುತ್ತಾರೆ, ರಾತ್ರಿ ನಿದ್ದೆಯಿಲ್ಲ, ಸೇದುತ್ತಿದ್ದಾಗಲೂ ಇಲ್ಲದಷ್ಟು ಕೆಮ್ಮು ಈಗ ಬರುತ್ತಿದೆ. ಬಿಡುತ್ತೇನೆಂದು ನಾನೇ ಮಕ್ಕಳ ಮೇಲೆ ಆಣೆ ಮಾಡಿಸಿದ್ದೆ. ಮೊನ್ನೆ ಸಂಜೆ ಅಂಗಿಯಿಂದ ವಾಸನೆ ಬಂತು. ಕೇಳಿದರೆ ಜಗಳವಾಗುತ್ತದೆ, ಕೇಳದಿದ್ದರೆ ಮತ್ತೆ ಮೊದಲಿನಂತೆಯೇ ಆಗಿಬಿಡುತ್ತಾರೆಂಬ ಭಯ. ಏನು ಮಾಡಲಿ?
– ಗೃಹಿಣಿ, ಹಾಸನ

ಉತ್ತರ: ಕೇಳಿ, ಆದರೆ ಅಂಗಿ ಹಿಡಿದು ವಿಚಾರಣೆ ಮಾಡಬೇಡಿ. ಇಪ್ಪತ್ತೈದು ವರ್ಷದ ಚಟವನ್ನು ಮೂರು ವಾರ ತಡೆದವರು ಒಂದು ಸಂಜೆ ಸೋತಿದ್ದರೆ ಆ ಮೂರು ವಾರ ವ್ಯರ್ಥವಾಗಲಿಲ್ಲ. ಶಾಶ್ವತವಾಗಿ ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಬಿಟ್ಟು, ಜಾರಿ, ಮತ್ತೆ ಬಿಟ್ಟವರೇ ಆಗಿರುತ್ತಾರೆ. ಜಾರಿದವರನ್ನು ಮತ್ತೆ ಪ್ಯಾಕಿನ ಕಡೆಗೆ ತಳ್ಳುವುದು ಆ ಒಂದು ಸಿಗರೇಟಿಗಿಂತ ಹೆಚ್ಚಾಗಿ, 'ಮಾತು ಮುರಿದೆ, ಇನ್ನು ಮುಗಿಯಿತು' ಎಂಬ ನಾಚಿಕೆ. ಅದಕ್ಕಾಗಿಯೇ ಮಕ್ಕಳ ಮೇಲಿನ ಆಣೆ ಒಳ್ಳೆಯದಲ್ಲ ಎನ್ನುತ್ತೇನೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಆಣೆ ಮುರಿದವರು ನಿಜ ಹೇಳಲಾರರು. ಇಬ್ಬರೂ ಕುಳಿತು ಆ ಆಣೆಯನ್ನು ಹಿಂದಕ್ಕೆ ಪಡೆಯಿರಿ. ಅಪ್ಪನ ಜೇಬು ನೋಡಿ ವರದಿ ಮಾಡುವ ಕೆಲಸವನ್ನೂ ಮಕ್ಕಳಿಗೆ ಹಚ್ಚಬೇಡಿ.

ಊಟವಾಗಿ ಮನೆ ಶಾಂತವಾಗಿರುವ ಹೊತ್ತಿನಲ್ಲಿ, 'ಮೊನ್ನೆ ವಾಸನೆ ಬಂತು, ನನಗೆ ಕೋಪವಿಲ್ಲ. ಅಂದು ಏನಾಗಿತ್ತು, ಯಾರ ಜೊತೆಗಿದ್ದಿರಿ?' ಎಂದಷ್ಟೇ ಕೇಳಿ, ಆಮೇಲೆ ಅವರು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ. ಉತ್ತರದಲ್ಲಿ ಒಂದು ಜಾಗ, ಒಂದು ಹೊತ್ತು, ಒಬ್ಬ ವ್ಯಕ್ತಿ ಇದ್ದೇ ಇರುತ್ತದೆ. ಆಫೀಸು ಬಿಟ್ಟು ಬಸ್ಸಿಗೆ ಕಾಯುವ ಕಾಲು ಗಂಟೆಯೇ ತೊಡಕಾಗಿದ್ದರೆ, ಆ ಕಾಲು ಗಂಟೆಯಲ್ಲಿ ನೀವು ಫೋನ್ ಮಾಡಿ. ಅವರು ಸೇದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಫೋನ್ ಅದಾಗಬಾರದು, ತರಕಾರಿ ತರಲು ಹೇಳಿದರೂ ಸಾಕು. ಬಿಟ್ಟು ಒಂದು ತಿಂಗಳಾದ ದಿನ ಅವರಿಗಿಷ್ಟವಾದ ಅಡುಗೆ ಮಾಡಿ, ಏಕೆ ಮಾಡಿದ್ದೀರೆಂದು ಬಾಯಿ ಬಿಟ್ಟು ಹೇಳಿ. ನಮ್ಮ ಮನೆಗಳಲ್ಲಿ ತಪ್ಪು ಎತ್ತಿ ತೋರಿಸುವಷ್ಟು ಸುಲಭವಾಗಿ ಮೆಚ್ಚುಗೆಯ ಮಾತು ಹೊರಬರುವುದಿಲ್ಲ, ಬಿಡುತ್ತಿರುವವರಿಗೆ ಅದರ ಅಗತ್ಯ ಬಹಳ.

ಕೆಮ್ಮಿನ ಬಗ್ಗೆ ಹೆದರಬೇಡಿ. ಹೊಗೆಯಿಂದ ನಿಷ್ಕ್ರಿಯವಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಚೇತರಿಸಿಕೊಂಡು ಕಫವನ್ನು ಮೇಲಕ್ಕೆ ದೂಡುತ್ತಿರುವುದರಿಂದ ಕೆಲವು ವಾರ ಕೆಮ್ಮು ಹೆಚ್ಚುವುದುಂಟು. ರಕ್ತ ಕಂಡರೆ, ತೂಕ ಇಳಿದರೆ ಅಥವಾ ಕೆಮ್ಮು ತಿಂಗಳಾದರೂ ಇಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸಿಡುಕು ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಇಳಿಯುತ್ತದೆ. ನಿದ್ದೆಗೆಡುವುದಕ್ಕೆ ಹೆಚ್ಚಿನವರು ಗಮನಿಸದ ಇನ್ನೊಂದು ಕಾರಣವಿದೆ, ಅದು ಕಾಫಿ. ತಂಬಾಕಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಹೊರಹಾಕಿಸುತ್ತದೆ. ಸೇದುವುದು ನಿಂತಾಗ ಅದೇ ಪ್ರಮಾಣದ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಎದೆಬಡಿತ, ಕಳವಳ, ನಿದ್ರಾಹೀನತೆ ಉಂಟುಮಾಡುತ್ತದೆ, ಅವರು ಅದನ್ನೆಲ್ಲ ಸಿಗರೇಟು ಬಿಟ್ಟದ್ದರ ಫಲವೆಂದೇ ತಿಳಿಯುತ್ತಾರೆ. ಹಾಸನದ ಮನೆಯಲ್ಲಿ ಇದನ್ನು ಹೇಳುವುದು ಕಷ್ಟವೇ, ಆದರೂ ಸದ್ಯಕ್ಕೆ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ನಂತರ ಕೊಡಬೇಡಿ.

ಒಂದು ಮಾತು ನಿಮಗಾಗಿ. ಸಿಡುಕನ್ನು ಸಹಿಸುವುದು ಬೇರೆ, ಬೈಗುಳ ಅಥವಾ ಕೈಮಾಡುವುದನ್ನು ಸಹಿಸುವುದು ಬೇರೆ. ಎರಡನೆಯದಕ್ಕೆ ನಿಕೋಟಿನ್ ನೆಪವಾಗಲಾರದು, ಅದನ್ನು ನೀವು ಒಬ್ಬರೇ ಹೊರಬೇಕಾಗಿಯೂ ಇಲ್ಲ. ಮಂಕು ಕವಿದು, ಯಾವುದರಲ್ಲೂ ಆಸಕ್ತಿಯಿಲ್ಲದೆ ಅವರು ಎರಡು ವಾರಕ್ಕೂ ಹೆಚ್ಚು ಕಾಲ ಹಾಗೆಯೇ ಇದ್ದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೂ ಚಿಕಿತ್ಸೆಯಿದೆ.

ಪ್ರಶ್ನೆ: ನಾನು ಮುಂಬೈಯಲ್ಲಿ ಉದ್ಯೋಗದಲ್ಲಿದ್ದೇನೆ. ಕುಂದಾಪುರದ ಸಮೀಪದ ಊರಿನಲ್ಲಿರುವ ಅಪ್ಪನಿಗೆ 68 ವರ್ಷ, ದಮ್ಮಿಗೆ ಔಷಧ ತೆಗೆದುಕೊಳ್ಳುತ್ತಾರೆ, ಬೀಡಿ ಬಿಟ್ಟಿಲ್ಲ. ಸಿಗರೇಟಿನಷ್ಟು ಅದು ಕೆಟ್ಟದ್ದಲ್ಲ ಎನ್ನುತ್ತಾರೆ. ದೂರದಲ್ಲಿದ್ದುಕೊಂಡು ನಾನು ಏನು ಮಾಡಬಹುದು?
– ಓದುಗರು, ಮುಂಬೈ

ಉತ್ತರ: ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆಯಿರುವುದು ನಿಜ. ಆದರೆ ಅದರ ಎಲೆ ಸುಲಭವಾಗಿ ಉರಿಯದ ಕಾರಣ, ಆರದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುತ್ತದೆ, ಆದ್ದರಿಂದ ದೇಹ ಸೇರುವ ನಿಕೋಟಿನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ. ಇದನ್ನು ವಾದ ಮಾಡಿ ಗೆಲ್ಲಲು ಹೋಗಬೇಡಿ. ದಮ್ಮಿಗೆ ನೋಡುವ ವೈದ್ಯರ ಬಾಯಿಂದ ಹೇಳಿಸಿ. ಬಿಡುವ ಮನಸ್ಸಿದೆಯೇ ಎಂದು ಅವರನ್ನೇ ಕೇಳಿ, ಇದ್ದರೆ ಮೊದಲ ವಾರಕ್ಕೆ ರಜೆ ಹಾಕಿ ಊರಿಗೆ ಹೋಗಿ ಜೊತೆಗಿರಿ. ಆಮೇಲೆ ದಿನವೂ ಒಂದೇ ಹೊತ್ತಿಗೆ, ಊಟದ ನಂತರ ಅವರು ಬೀಡಿ ಹಚ್ಚುತ್ತಿದ್ದ ಸಮಯಕ್ಕೇ, ಫೋನ್ ಮಾಡಿ.

ಇನ್ನೊಂದನ್ನು ಮರೆಯಬೇಡಿ. ಅವರ ಮಾತ್ರೆಗಳಲ್ಲಿ ಥಿಯೋಫಿಲಿನ್ ಇದೆಯೇ ಎಂದು ಪಟ್ಟಿಯ ಮೇಲೆ ಓದಿಸಿ ನೋಡಿ, ದಮ್ಮಿಗೆ ಅದನ್ನು ನಮ್ಮಲ್ಲಿ ಬಹಳವಾಗಿ ಕೊಡುತ್ತಾರೆ. ಕಾಫಿಯ ಬಗ್ಗೆ ಮೇಲೆ ಹೇಳಿದ ಕಿಣ್ವವೇ ಇದನ್ನೂ ಕರಗಿಸುವುದರಿಂದ, ಬೀಡಿ ಬಿಟ್ಟ ಒಂದು ವಾರದೊಳಗೆ ಅದೇ ಮಾತ್ರೆಯ ಪ್ರಮಾಣ ರಕ್ತದಲ್ಲಿ ಹೆಚ್ಚಾಗಿ ವಾಂತಿ, ಕೈನಡುಕ, ಎದೆಬಡಿತದ ಏರುಪೇರು ಆಗಬಹುದು. ಬಿಡುವ ದಿನಾಂಕವನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಿ, ಮಾತ್ರೆಯ ಪ್ರಮಾಣ ಇಳಿಸಬೇಕೇ ಎಂದು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಬೇಕು, ಬಿಟ್ಟ ಮೇಲೆ ಕೆಲವರಿಗೆ ಮೊದಲಿನಷ್ಟು ಇನ್ಸುಲಿನ್ ಬೇಕಾಗುವುದಿಲ್ಲ.