ನಮ್ಮಜ್ಜ ಇದ್ದ ಕೊಲಂಬೊಗೆ ಬೇರು ಹುಡುಕಿಕೊಂಡು ಹೋಗಬೇಕು, ಬೇರೆ ಸಂಸ್ಕೃತಿಯನ್ನೂ ನೋಡಿ ಬರಬೇಕು. ಪ್ಯಾಕೇಜ್ ಒಳ್ಳೆಯದೋ, ಸ್ವಂತ ಹೋಗುವುದೋ?

ಎರಡೂ ಬೇಡ. ಸದ್ಯ ಟಿಕೆಟೇ ಮಾಡಬೇಡಿ.

ನನ್ನಜ್ಜನೂ ಕಾಸರಗೋಡಿನ ಕುಂಬಳೆಯಿಂದ ಹೋಟೆಲ್ ಕೆಲಸಕ್ಕೆ "ಕೊಲಂಬಿಗೆ" ಹೋದವರು. ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ಹಡಗಲ್ಲಿ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ತಲೈಮನ್ನಾರ್, ಮತ್ತೆ ರೈಲು. 1914ರಲ್ಲಿ ಸಮುದ್ರದ ಮೇಲೆ ಪಾಂಬನ್ ರೈಲು ಸೇತುವೆ ಆದಮೇಲೆ ಅದು ಸಲೀಸಾದ ದಾರಿ. ಅದೇ ದಾರಿಯಲ್ಲಿ ಹೋಗಬೇಕು ಅಂತ ನನಗೂ ಆಸೆ ಇತ್ತು. ಆದರೆ 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯ ಹಳಿಯನ್ನೇ ಕೊಚ್ಚಿಕೊಂಡು ಹೋಗಿದೆಯಲ್ವಾ. ಸುಮ್ನೆ ಬೆಂಗಳೂರಿನಿಂದ ವಿಮಾನ ಹತ್ತಿದೆ.

ಆರು ದಿನ ಕೊಲಂಬೊದ ಪೆಟ್ಟಾ ಗಲ್ಲಿಗಳಲ್ಲಿ ಅಲೆದೆ. ಅಜ್ಜನ ಫೋಟೊ ಹಿಡಿದು ಕಂಡಕಂಡ ಹೋಟೆಲಿನ ಗಲ್ಲಾದಲ್ಲಿ ಕೇಳಿದೆ. ಅಲ್ಲಿ ಕೆಂಪು ಬಿಳಿ ಪಟ್ಟೆಯ ಒಂದು ಮಸೀದಿ ಇದೆ, 1909ರದ್ದು. ಅಜ್ಜ ಇದನ್ನು ದಿನಾ ನೋಡಿರಬೇಕು ಅಂತ ಅದರೆದುರು ನಿಂತು ಕಣ್ಣೊರೆಸಿಕೊಂಡೆ. ಈಗ ನೆನೆದರೆ ನಾಚಿಕೆ. ಊಟ ಮಾತ್ರ ಸೊಗಸು. ಅವರ ಪೊಲೋಸ್ ಅಂದರೆ ನಮ್ಮ ಗುಜ್ಜೆ (ಎಳೆ ಹಲಸು) ಪದಾರ್ಥವೇ, ತೆಂಗಿನ ಹಾಲು ಜಾಸ್ತಿ.

ವಾಪಸ್ ಬಂದು ನೀರ್ಚಾಲಿನ ಅಜ್ಜಿಗೆ ಚಾಪುಡಿ ಕೊಡಲು ಹೋದೆ. ಅಜ್ಜನ ತಂಗಿ, ತೊಂಬತ್ತರ ಹತ್ತಿರ. ಅವರು ಕೇಳಿದ ಮೊದಲ ಮಾತು, "ತುಂಬಾ ಚಳಿಯಾ ಅಲ್ಲಿ?"

"ಕೊಲಂಬೊದಲ್ಲಿ ಎಂತ ಚಳಿ ಅಜ್ಜಿ, ಇಲ್ಲಿಯಷ್ಟೇ ಸೆಕೆ."

"ಮತ್ತೆ ಅಣ್ಣ ಪ್ರತೀ ಕಾಗದದಲ್ಲೂ ಚಳಿ ಚಳಿ ಅಂತ ಬರೀತಿದ್ದದ್ದು? ಅಪ್ಪನಿಗೆ ಓದಿ ಹೇಳ್ತಿದ್ದದ್ದು ನಾನೇ ಅಲ್ವಾ."

ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದುಕೊಟ್ಟರು. ಅಂಚೆ ಮುದ್ರೆ ಬಂಡಾರವೇಲದ್ದು. ಚಾ ತೋಟಗಳ ನಡುವಿನ ಊರು, ಸಾವಿರದಿನ್ನೂರು ಮೀಟರಿಗೂ ಎತ್ತರ. ಕೊಲಂಬೊದ ಫೋರ್ಟ್ ಸ್ಟೇಷನ್ನಿನಿಂದ ಬದುಳ್ಳಕ್ಕೆ ಹೋಗುವ ರೈಲು ಆ ಊರಿನ ಮೇಲೆಯೇ ಹೋಗುವುದು. ಆ ರೈಲಿನ ಫೋಟೊ ನನ್ನ ಮೊಬೈಲಿನಲ್ಲಿತ್ತು, ಚಂದ ಕಂಡಿತು ಅಂತ ತೆಗೆದಿದ್ದೆ.

ನನ್ನ ತಪ್ಪು ಏನು ಗೊತ್ತಾ? ಅಂದಿನವರಿಗೆ ಇಡೀ ಸಿಲೋನೇ "ಕೊಲಂಬು". ಮಸ್ಕತ್ತಿನಲ್ಲಿರುವವನನ್ನೂ ನಾವು ಈಗ ದುಬೈಯಲ್ಲಿದ್ದಾನೆ ಅನ್ನುವುದಿಲ್ವಾ, ಹಾಗೆ. ಅಪ್ಪ ಕೊಲಂಬು ಅಂದರು, ನಾನು ಭೂಪಟದಲ್ಲಿ ಕೊಲಂಬೊ ಹುಡುಕಿದೆ. ಮನೆಯ ಅಟ್ಟದಲ್ಲಿ ಅಜ್ಜನ ದಪ್ಪ ಉಣ್ಣೆ ಕೋಟು ಇತ್ತು. ಸಣ್ಣವನಿದ್ದಾಗ ಅದನ್ನು ಹಾಕಿಕೊಂಡು ಆಡಿದ್ದೇನೆ. ಕೊಲಂಬೊದ ಸೆಕೆಗೆ ಉಣ್ಣೆ ಕೋಟು ಯಾಕೆ ಬೇಕು ಅಂತ ಒಂದು ದಿನವೂ ತಲೆಗೆ ಹೋಗಲಿಲ್ಲ. ನೀರ್ಚಾಲಿಗೆ ಬಸ್ಸಲ್ಲಿ ಅರ್ಧ ಗಂಟೆ. ಹೊರಡುವ ಮೊದಲು ಯಾಕೆ ಹೋಗಲಿಲ್ಲ? ಊರು ಬಿಟ್ಟು ಹೋಗದ ಅಜ್ಜಿಗೆ ಸಿಲೋನಿನ ವಿಷಯ ಏನು ಗೊತ್ತಿರುತ್ತದೆ ಅಂದುಕೊಂಡೆ. ಇದನ್ನು ಅಜ್ಜಿಗೆ ಹೇಳಿಯೂ ಬಿಟ್ಟೆ. "ನೀನು ಕೇಳಲೇ ಇಲ್ಲ ಮಾರಾಯ" ಅಂದರು, ಅಷ್ಟೇ.

ಹಾಗಾಗಿ ನಿಮಗೆ ಹೇಳುವುದು, ಮೊದಲು ಮನೆಯ ಹೆಂಗಸರನ್ನು ಕೇಳಿ. ಗಂಡಸರು ಊರಿನ ಹೆಸರು ಮಾತ್ರ ಹೇಳುತ್ತಾರೆ. ಹಳೆಯ ಲಕೋಟೆ ಸಿಕ್ಕಿದರೆ ಕಾಗದಕ್ಕಿಂತ ಮೊದಲು ಮುದ್ರೆ ನೋಡಿ. ದಾಖಲೆ ಹುಡುಕುವಾಗ "ಕಾಸರಗೋಡು, ಕೇರಳ" ಅಂತ ಹುಡುಕಬೇಡಿ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ, ಅದೂ ಮದ್ರಾಸಿನದ್ದು. ಮತ್ತೆ, ಬೇರೆ ಸಂಸ್ಕೃತಿಯನ್ನೂ ನೋಡಿ ಬರುತ್ತೇನೆ ಅಂತ ಬರೆದಿದ್ದೀರಿ. ಎರಡನ್ನೂ ಒಂದೇ ವಾರಕ್ಕೆ ತುರುಕಬೇಡಿ. ಪ್ಯಾಕೇಜಿನವರು ದೇವಸ್ಥಾನ ತೋರಿಸುತ್ತಾರೆ, ನಿಮ್ಮಜ್ಜ ಪಾತ್ರೆ ತೊಳೆದ ಅಡುಗೆಮನೆ ತೋರಿಸುವುದಿಲ್ಲ.

ಕೋಟನ್ನು ಮೊನ್ನೆ ಬಿಸಿಲಿಗೆ ಹಾಕಿದೆ. ಒಂದು ಕೈ ಇಲಿ ತಿಂದಿದೆ. ಬಂಡಾರವೇಲಕ್ಕೆ ಹೋಗುವುದರೊಳಗೆ ಹೊಲಿಸಬೇಕು.