ಹಳೆಯ ಮಿಯಾಟಾ: ಎಂಜಿನ್ ಇಳಿಸುವ ಮೊದಲು ಮುಂದಿನ ಬೋಲ್ಟ್ ನೋಡಿ

ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರು, ಅಂದರೆ 1989ರಿಂದ 1997ರವರೆಗೆ ಬಂದ, ದೀಪ ಮೇಲೇಳುವ ಕಾರು. ಅಮೆರಿಕದಲ್ಲಿ ಅದರ ಹೆಸರು ಮಿಯಾಟಾ. ಅಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಇರುವ ಕನ್ನಡಿಗರಿಂದ ಈ ಕಾರಿನ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆರೇಳು. ಆಯಿಲ್ ಬದಲಿಸುವುದು ಹೇಗೆ, ಪ್ಲಗ್ ಬಿಚ್ಚುವುದು ಹೇಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಲಗುವವರು ಮುಂದೆ ಓದುವುದೇ ಬೇಡ.

ಪ್ರಶ್ನೆ: ನನ್ನದು 1990ರ 1.6 ಲೀಟರ್ ಕಾರು. ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿ ಎಂಟು ತಿಂಗಳಾಯಿತು. ಆಮೇಲೆ ಚೆನ್ನಾಗಿಯೇ ಇತ್ತು. ಈಗ ದಿನೇ ದಿನೇ ಪಿಕಪ್ ಕಡಿಮೆಯಾಗುತ್ತಿದೆ, ಏರಿನಲ್ಲಿ ಎಳೆಯುವುದಿಲ್ಲ, ಐಡಲಿನಲ್ಲಿ ನಡುಗುತ್ತದೆ. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಹೋಗಿದೆ, ಎಂಜಿನ್ ಇಳಿಸಬೇಕು ಎನ್ನುತ್ತಾರೆ. ಕಿಡಿಯ ಹೊತ್ತು ತಿಳಿಸುವ ಆಂಗಲ್ ಸೆನ್ಸರ್ ಸ್ವಲ್ಪ ತಿರುಗಿಸಿದರೆ ಸಾಕು ಎಂದು ಗೆಳೆಯರೊಬ್ಬರ ಸಲಹೆ. ಯಾವುದು ಸರಿ?

ಎರಡೂ ಅಲ್ಲ. ಕಂಪ್ರೆಷನ್ ಹೋಗಿದೆ ಎಂದವರು ಗೇಜ್ ಹಾಕಿ ನೋಡಿದರೇ? ನಾಲ್ಕು ಸಿಲಿಂಡರಿನ ನಾಲ್ಕು ಅಂಕಿಗಳನ್ನು ಬರೆದುಕೊಟ್ಟರೇ? ಕೊಡದಿದ್ದರೆ ಅದು ಪರೀಕ್ಷೆಯಲ್ಲ, ಬರೀ ಮಾತು.

ಗೇಜನ್ನು ನೀವೇ ಹಾಕಿ. ಎಂಜಿನ್ ಬಿಸಿಯಾಗಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ನಾಲ್ಕೂ ಪ್ಲಗ್ ತೆಗೆಯಿರಿ. ಹೆಡ್ಡಿನ ಹಿಂಬದಿಯಲ್ಲಿರುವ ಕ್ಯಾಮ್ ಆಂಗಲ್ ಸೆನ್ಸರಿನ ಕನೆಕ್ಟರ್ ಕಿತ್ತಿಡಿ. ಆಗ ಕಿಡಿಯೂ ಇಲ್ಲ, ಇಂಜೆಕ್ಟರಿನಿಂದ ಪೆಟ್ರೋಲೂ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಹೊಸ 1.6 ಎಂಜಿನ್ನಿಗೆ 192 ಪಿಎಸ್ಐ, ಕನಿಷ್ಠ ಮಿತಿ 135, ಸಿಲಿಂಡರುಗಳ ನಡುವಿನ ವ್ಯತ್ಯಾಸ 28ನ್ನು ಮೀರಬಾರದು. ಒಂದೇ ಸಿಲಿಂಡರ್ ಕಡಿಮೆ ತೋರಿಸಿದರೆ ಅದಕ್ಕೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಆದರೆ ನಾಲ್ಕೂ ಒಂದೇ ಸಮನಾಗಿ ಇಳಿದಿದ್ದರೆ ರಿಂಗುಗಳ ಮೇಲೆ ತಪ್ಪು ಹೊರಿಸಬೇಡಿ. ನಾಲ್ಕು ಸಿಲಿಂಡರ್ ಎಂಟೇ ತಿಂಗಳಲ್ಲಿ ಜೊತೆಜೊತೆಯಾಗಿ ಸವೆಯುವುದಿಲ್ಲ. ಟೈಮಿಂಗ್ ಬೆಲ್ಟ್ ತಿರುಗಿಸುವ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ತಡವಾಗಿ ತಿರುಗುತ್ತಿದ್ದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಗೇಜಿನ ಮುಳ್ಳು ನಾಲ್ಕರಲ್ಲೂ ಇಳಿಯುತ್ತದೆ.

ಕ್ಯಾಮ್ ಏಕೆ ತಡವಾಯಿತು? ಬೆಲ್ಟಿನ ಒಂದು ಹಲ್ಲು ತಪ್ಪಿಸಿ ಕೂರಿಸಿದ್ದರೆ ಗ್ಯಾರೇಜಿನಿಂದ ಹೊರಟ ದಿನವೇ ಕಾರು ಸೊರಗುತ್ತಿತ್ತು. ಅನುಮಾನ ಬೇಡವೆಂದರೆ ಮೇಲಿನ ಕವರ್ ತೆಗೆದು ಎರಡು ಕ್ಯಾಮ್ ಪುಲ್ಲಿಗಳ ‘ಐ’ ಮತ್ತು ‘ಇ’ ಗುರುತುಗಳ ನಡುವೆ ಬೆಲ್ಟಿನ ಹಲ್ಲು ಎಣಿಸಿ, 19 ಇರಬೇಕು. ಚೆನ್ನಾಗಿದ್ದದ್ದು ದಿನೇ ದಿನೇ ಕೆಟ್ಟಿತು ಎಂದು ನೀವೇ ಬರೆದಿದ್ದೀರಿ. 1990ರ ಕಾರಿನಲ್ಲಿ ಬೆಲ್ಟ್ ಕೆಲಸವಾದ ಮೇಲೆ ಹೀಗಾದರೆ ನಾನು ಮೊದಲು ನೋಡುವುದು ಕ್ರ್ಯಾಂಕಿನ ಮೂತಿಯನ್ನು, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ ಮುಂತುದಿಯನ್ನು.

1989ರಿಂದ 1991ರ ಮೊದಲ ಭಾಗದವರೆಗೆ ಬಂದ 1.6 ಎಂಜಿನ್ನುಗಳ ಕ್ರ್ಯಾಂಕ್ ಮೂತಿ ಗಿಡ್ಡ. ಮುಂದಿನ ಪುಲ್ಲಿ ಕೂರುವ ಬಾಸ್, ಬೆಲ್ಟ್ ಓಡಿಸುವ ಹಲ್ಲುಚಕ್ರ, ಎರಡನ್ನೂ ಒಂದು ಸಣ್ಣ ಕೀ (ಲೋಹದ ತುಂಡು) ಮತ್ತು ಮಧ್ಯದ ಬೋಲ್ಟ್ ಹಿಡಿದಿಡುತ್ತವೆ. ಕೀ ಇರುವುದು ಜಾಗ ತೋರಿಸಲಿಕ್ಕೆ, ಭಾರ ಹೊರಲಿಕ್ಕಲ್ಲ. ಭಾರ ಹೊರಬೇಕಾದದ್ದು ಬೋಲ್ಟಿನ ಬಿಗಿತ. ಬಿಗಿತ ಕಡಿಮೆಯಾದರೆ ಪ್ರತಿ ಸಿಲಿಂಡರ್ ಉರಿದಾಗಲೂ ಬಾಸ್ ಅತ್ತಿತ್ತ ಅಲುಗಿ ಕೀಯನ್ನು ಬಡಿಯುತ್ತದೆ. ಕೀ ಸವೆಯುತ್ತದೆ, ಕ್ರ್ಯಾಂಕಿನಲ್ಲಿ ಕೀ ಕೂರುವ ತೋಡೂ ಅಗಲವಾಗುತ್ತದೆ. ಹಲ್ಲುಚಕ್ರ ಹಿಂದೆ ಬೀಳುತ್ತದೆ, ಅದರೊಡನೆ ಕ್ಯಾಮ್, ಕ್ಯಾಮಿಗೆ ಜೋಡಿಸಿದ ಆಂಗಲ್ ಸೆನ್ಸರ್, ಕಡೆಗೆ ಕಿಡಿ, ಎಲ್ಲವೂ ತಡ. ಪಿಕಪ್ ಎಲ್ಲಿಂದ ಬರಬೇಕು?

ನಿಮ್ಮದು ಗಿಡ್ಡ ಮೂತಿಯೋ ಎಂದು ತಿಳಿಯಲು ಏನನ್ನೂ ಬಿಚ್ಚಬೇಕಿಲ್ಲ. ಟಾರ್ಚ್ ಹಿಡಿದು ಪುಲ್ಲಿಯ ನಡುವೆ, ಬೋಲ್ಟಿನ ಸುತ್ತ ಬಾಸ್‌ನಲ್ಲಿರುವ ಸೀಳುಗಳನ್ನು ಎಣಿಸಿ. ನಾಲ್ಕಿದ್ದರೆ ಗಿಡ್ಡ, ಎಂಟಿದ್ದರೆ ಉದ್ದ. ಆಮೇಲೆ ಎಂಜಿನ್ ಐಡಲಿನಲ್ಲಿರುವಾಗ ಪುಲ್ಲಿಯನ್ನು ಮೇಲಿನಿಂದ ನೋಡಿ. ಜೋತಾಡುವ ಬಟ್ಟೆ, ಉದ್ದ ಕೂದಲು ಬೆಲ್ಟಿನ ಹತ್ತಿರ ಬರಬಾರದು. ಪುಲ್ಲಿ ಸೊಟ್ಟಗೆ ಓಲಾಡುತ್ತಿದ್ದರೆ ಎಂಜಿನ್ ಆರಿಸಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಓಲಾಟ ಕಾಣದಿದ್ದರೂ ಆರಿಸಿ ಐದನೇ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪುಲ್ಲಿಯನ್ನು ಕೈಯಿಂದ ಅತ್ತಿತ್ತ ತಿರುಗಿಸಿ ನೋಡಿ. ಕ್ರ್ಯಾಂಕ್ ನಿಂತಿದ್ದು ಪುಲ್ಲಿ ಮಾತ್ರ ಕೂದಲೆಳೆಯಷ್ಟು ಅಲುಗಿದರೂ ಉತ್ತರ ಸಿಕ್ಕಿದಂತೆ.

ಇನ್ನು ಟೈಮಿಂಗ್ ಲೈಟ್, ಕಿಡಿ ಹಾರಿದಾಗಲೆಲ್ಲ ಮಿಂಚಿ ಪುಲ್ಲಿಯ ಗುರುತು ತೋರಿಸುವ ದೀಪ. ಬಿಸಿ ಎಂಜಿನ್, ಬಾನೆಟ್ಟಿನ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ‘ಟಿಇಎನ್’ ಮತ್ತು ‘ಜಿಎನ್‌ಡಿ’ ತೂತುಗಳಿಗೆ ತುಂಡು ತಂತಿ, ಐಡಲ್ 850 ಆರ್‌ಪಿಎಂ, ಗುರುತು ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬಂದ ಜಾಗಕ್ಕೆ) 10 ಡಿಗ್ರಿ ಮೊದಲು. ಇದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಲೈಟ್ ಸುಳ್ಳು ಹೇಳಬಹುದು. ಗುರುತು ಇರುವುದು ಪುಲ್ಲಿಯ ಮೇಲೆ. ಪುಲ್ಲಿಯೂ ಹಲ್ಲುಚಕ್ರವೂ ಒಟ್ಟಿಗೆ ಜಾರಿದ್ದರೆ ಲೈಟಿನಲ್ಲಿ ಹತ್ತಕ್ಕೆ ಹತ್ತೇ ಕಾಣುತ್ತದೆ, ಪಿಸ್ಟನ್ ಮಾತ್ರ ಬೇರೆಲ್ಲೋ ಇರುತ್ತದೆ. ನಿಮ್ಮ ಗೆಳೆಯರು ಹೇಳಿದಂತೆ ಸೆನ್ಸರ್ ತಿರುಗಿಸಿದರೆ ಕಿಡಿಯೇನೋ ಸರಿಹೋದೀತು, ಕ್ಯಾಮ್ ತಡವಾಗಿಯೇ ಉಳಿಯುತ್ತದೆ. ಕಾರು ಸ್ವಲ್ಪ ಚುರುಕಾಗುತ್ತದೆ, ಆ ಖುಷಿಯಲ್ಲಿ ಇನ್ನೊಂದಿಷ್ಟು ದಿನ ಓಡಿಸಿ ಕ್ರ್ಯಾಂಕನ್ನೇ ಹಾಳುಮಾಡಿಕೊಳ್ಳುತ್ತೀರಿ.

ನಿಜವಾದ ಟಿಡಿಸಿ ಬೇಕೆಂದರೆ ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಉದ್ದದ ಪ್ಲಾಸ್ಟಿಕ್ ಸ್ಟ್ರಾ ಇಳಿಬಿಡಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಗೀರುತ್ತದೆ. ಉಳಿದ ಪ್ಲಗ್ಗುಗಳನ್ನೂ ತೆಗೆದು, ಐದನೇ ಗೇರಿನಲ್ಲಿ ಕಾರನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಪಿಸ್ಟನ್ ತುದಿಯಲ್ಲಿ ಕೆಲವು ಡಿಗ್ರಿ ನಿಂತಂತೆಯೇ ಇರುವುದರಿಂದ ಕಣ್ಣಳತೆ ಸಾಲದು. ಸ್ಟ್ರಾ ಏರುವಾಗ ಒಂದು ಎತ್ತರದಲ್ಲಿ ಪುಲ್ಲಿಗೆ ಗುರುತು ಹಾಕಿ, ಇಳಿಯುವಾಗ ಅದೇ ಎತ್ತರದಲ್ಲಿ ಇನ್ನೊಂದು ಹಾಕಿ. ಎರಡರ ನಡುಮಧ್ಯವೇ ಟಿಡಿಸಿ. ಪುಲ್ಲಿಯ ಗುರುತು ಅಲ್ಲಿ ಸೊನ್ನೆಗೆ ಬರದಿದ್ದರೆ ಬಿಚ್ಚಲೇಬೇಕು.

ಬಿಚ್ಚುವಾಗಲೂ ಐದನೇ ಗೇರ್, ಹ್ಯಾಂಡ್‌ಬ್ರೇಕ್, 21 ಎಂಎಂ ಸಾಕೆಟ್. ಪಾನಾಕ್ಕೆ ಉದ್ದದ ಹಿಡಿ ಸಿಕ್ಕಿಸಿ ಸ್ಟಾರ್ಟರ್ ಹೊಡೆದು ಬೋಲ್ಟ್ ಸಡಿಲಿಸುವ ಚಮತ್ಕಾರವನ್ನು ಯಾರಾದರೂ ಹೇಳಿಕೊಟ್ಟರೆ ಅವರಿಂದ ದೂರವಿರಿ. ಆ ಹಿಡಿ ಜಾರಿದರೆ ರೇಡಿಯೇಟರ್ ಒಡೆಯಬಹುದು, ಕೈಯೂ ಮುರಿಯಬಹುದು.

ಒಳಗೆ ಮೂರು ಸ್ಥಿತಿ ಸಾಧ್ಯ. ಕೀ ಮಾತ್ರ ಸವೆದು ಕ್ರ್ಯಾಂಕಿನ ತೋಡಿನ ಅಂಚು ಚೂಪಾಗಿಯೇ ಇದ್ದರೆ ಹೊಸ ಕೀ, ಹೊಸ ಬಾಸ್, ಹೊಸ ಬೋಲ್ಟ್ ಸಾಕು. ಹಳೆಯ ಬೋಲ್ಟನ್ನು ಕಸಕ್ಕೆ ಹಾಕಿ, ಮತ್ತೆ ಬಳಸಬೇಡಿ. ತೋಡು ಸ್ವಲ್ಪ ಅಗಲವಾಗಿದ್ದರೆ ಲಾಕ್‌ಟೈಟ್ 660. ಅರ್ಧ ಮಿಲಿಮೀಟರಿನವರೆಗಿನ ಸಂದನ್ನು ತುಂಬುವ ಪೇಸ್ಟ್ ಅದು. ಎಳೆಗಳಿಗೆ ಹಚ್ಚುವ ನೀಲಿ, ಕೆಂಪು ಲಾಕ್‌ಟೈಟ್ ಇಲ್ಲಿ ನಡೆಯುವುದಿಲ್ಲ. ಮೂತಿ, ತೋಡು, ಬಾಸಿನ ಒಳಮೈ, ಎಲ್ಲವನ್ನೂ ಬ್ರೇಕ್ ಕ್ಲೀನರಿನಿಂದ ಜಿಡ್ಡೇ ಇಲ್ಲದಂತೆ ಒರೆಸಿ. ಹಲ್ಲುಚಕ್ರದ ಹಿಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನು ಮೊದಲು ಬದಲಿಸಿ, ಜಿಡ್ಡಿನ ಮೇಲೆ ಪೇಸ್ಟ್ ಹಿಡಿಯುವುದಿಲ್ಲ. ಹೊಸ ಕೀ ಕೂರಿಸಿ, ಬಾಸನ್ನು ಸರಿಯಾದ ಟಿಡಿಸಿ ಜಾಗದಲ್ಲಿ ಹಿಡಿದು ಬೋಲ್ಟ್ ಬಿಗಿದು, 24 ಗಂಟೆ ಕಾರಿನ ತಂಟೆಗೆ ಹೋಗಬೇಡಿ. ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಎಂಬ ಆತುರದಲ್ಲಿ ಈ ಕೆಲಸ ಕೆಡುತ್ತದೆ. ಮೂರನೆಯದು, ತೋಡಿನ ಅಂಚು ಹರಿದು ಮೂತಿಯೇ ಸವೆದಿರುವುದು. ಅದಕ್ಕೆ ವೆಲ್ಡಿಂಗ್ ಮಾಡಿಸುತ್ತೇನೆ ಎನ್ನುವವರ ಮಾತು ಕೇಳಬೇಡಿ. 1992 ಅಥವಾ 1993ರ, ಉದ್ದ ಮೂತಿಯ ಹಳೆಯ 1.6 ಎಂಜಿನ್ ತಂದು ಕೂರಿಸಿ. ಎಂಜಿನ್ ಇಳಿಸುವ ಮಾತು ನಿಜವಾಗುವುದು ಇಲ್ಲಿ ಮಾತ್ರ.

ಬಿಗಿತದ ಲೆಕ್ಕ: ಗಿಡ್ಡ ಮೂತಿಗೆ 108ರಿಂದ 118 ನ್ಯೂಟನ್ ಮೀಟರ್, ಉದ್ದ ಮೂತಿಗೆ 157ರಿಂದ 166. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಬೇಡಿ. ಟಾರ್ಕ್ ರೆಂಚ್ ಇಲ್ಲದೆ, ಕೈಯಂದಾಜಿನಲ್ಲಿಯೋ ಇಂಪ್ಯಾಕ್ಟ್ ಗನ್ ಹೊಡೆದೋ ಬಿಗಿಯುವವರಿಗೆ ಈ ಕಾರನ್ನು ಕೊಡಬೇಡಿ. ಬೆಲ್ಟ್ ಬದಲಿಸಿದ ಬಿಲ್ಲಿನಲ್ಲಿ ಹೊಸ ಬೋಲ್ಟ್ ಇದೆಯೇ ನೋಡಿಕೊಳ್ಳಿ. ಒಂದು ಸಮಾಧಾನ ಉಂಟು: ಈ ಎಂಜಿನ್ನಿನಲ್ಲಿ ಟೈಮಿಂಗ್ ತಪ್ಪಿದರೂ, ಬೆಲ್ಟೇ ಹರಿದರೂ ಪಿಸ್ಟನ್ ವಾಲ್ವಿಗೆ ತಾಗುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಗೇರ್ ಬೀಳುವುದಿಲ್ಲ, ಪೆಡಲ್ ನಾಲ್ಕೈದು ಸಲ ಒತ್ತಿದರೆ ಬೀಳುತ್ತದೆ. ಕ್ಲಚ್ ಪ್ಲೇಟ್ ಹೋಗಿದೆಯಂತೆ?

ಪ್ಲೇಟ್ ಹೋದರೆ ಕ್ಲಚ್ ಜಾರುತ್ತದೆ, ಗೇರ್ ಬೀಳದೆ ಇರುವುದಿಲ್ಲ. ಗೇರ್‌ಬಾಕ್ಸಿನ ಪಕ್ಕದಲ್ಲಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ, ಒದ್ದೆಯಿರುತ್ತದೆ. ಅದನ್ನು ಬದಲಿಸಿ, ಡಾಟ್ 3 ಅಥವಾ 4 ಬ್ರೇಕ್ ಆಯಿಲ್ ಹಾಕಿ, ಗಾಳಿ ತೆಗೆಯಿರಿ. ಗೇರ್‌ಬಾಕ್ಸ್ ಇಳಿಸುವ ಮಾತೆತ್ತಿದವರಿಗೆ ನಮಸ್ಕಾರ ಹೇಳಿ ಹೊರಡಿ.

ಪ್ರಶ್ನೆ: ಸ್ಟಾರ್ಟ್ ಮಾಡಿದಾಗ ಹೆಡ್ಡಿನಿಂದ ಟಿಕ್ ಟಿಕ್ ಸದ್ದು. ಯಾವ ಅಡಿಟಿವ್ ಹಾಕಲಿ?

ಯಾವುದೂ ಬೇಡ. ವಾಲ್ವ್ ಒತ್ತುವ ಹೈಡ್ರಾಲಿಕ್ ಲಿಫ್ಟರಿನ ಸದ್ದು ಅದು, ಆಯಿಲನ್ನೂ ಫಿಲ್ಟರನ್ನೂ ಹೊತ್ತಿಗೆ ಸರಿಯಾಗಿ ಬದಲಿಸಿ.

ಪ್ರಶ್ನೆ: ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಶಕ್ತಿ ಹೆಚ್ಚುತ್ತದೆಯೇ?

ಟೈಮಿಂಗ್ 10 ಡಿಗ್ರಿಯಲ್ಲೇ ಇರುವ ಕಾರಿಗೆ ಅಮೆರಿಕದ 87 ಆಕ್ಟೇನ್ ಪೆಟ್ರೋಲ್ ಸಾಕು. ಹೆಚ್ಚುವುದು ಖರ್ಚು.

ಪ್ರಶ್ನೆ: ಹಿಂದಿನ ಸೀಟಿನ ಬಳಿ ಕಾರ್ಪೆಟ್ ಒದ್ದೆ. ಮೇಲಿನ ಮಡಚುವ ಟಾಪ್ ಹೊಸದು ಹಾಕಿಸಲೇ?

ಈ ಕಾರಿಗೆ ಹಿಂದಿನ ಸೀಟೇ ಇಲ್ಲ. ಸೀಟಿನ ಹಿಂಭಾಗ ಎಂದಿದ್ದರೆ, ಸೀಟ್‌ಬೆಲ್ಟ್ ಗೂಡಿನ ಬುಡದಲ್ಲಿ ಎರಡೂ ಕಡೆ ನೀರು ಹೋಗುವ ಕೊಳವೆ ಕಟ್ಟಿದೆ. ಮೆತ್ತನೆಯ ನೈಲಾನ್ ದಾರ ತೂರಿಸಿ ಬಿಡಿಸಿ, ಕಬ್ಬಿಣದ ತಂತಿ ಹಾಕಿದರೆ ಕೊಳವೆ ತೂತಾಗುತ್ತದೆ. ಹಾಗೆಯೇ ಬಿಟ್ಟರೆ ನೀರು ಬಾಗಿಲ ಕೆಳಗಿನ ಸಿಲ್ಲಿಗೆ ಇಳಿದು ಹಿಂದಿನ ಚಕ್ರದ ಮುಂದೆ ತುಕ್ಕು ಹಿಡಿಯುತ್ತದೆ, ಅದು ಟಾಪಿಗಿಂತ ದುಬಾರಿ.

ಪ್ರಶ್ನೆ: ಡಿಕ್ಕಿಯಲ್ಲಿರುವ ಬ್ಯಾಟರಿಯ ಬದಲು ಅಂಗಡಿಯ ಮಾಮೂಲಿ ಬ್ಯಾಟರಿ ಹಾಕಬಹುದೇ?

ಬೇಡ. ಆಸಿಡ್ ಹಬೆ ಡಿಕ್ಕಿಯ ತಗಡನ್ನು ತಿನ್ನುತ್ತದೆ. ಆಸಿಡ್ ಚೆಲ್ಲದಂತೆ ಮುಚ್ಚಿದ ಎಜಿಎಂ ಬ್ಯಾಟರಿ ಹಾಕಿ, ಹಬೆ ಹೊರಹೋಗುವ ಕೊಳವೆಗಳನ್ನು ಸಿಕ್ಕಿಸಿ.

ಪ್ರಶ್ನೆ: ಈ ಕಾರನ್ನು ಬೆಂಗಳೂರಿಗೆ ತರಬಹುದೇ?

ಕಸ್ಟಮ್ಸ್ ಏಜೆಂಟರನ್ನು ಕೇಳಿ.